ಅಂಗಳವೂ ಮನೆಯೇ ಆಗಿತ್ತು

ವಿಲೇಪಾರ್ಲೆ ಪೂರ್ವದ ಒಳರಸ್ತೆಗಳಲ್ಲಿ ಈಗ ಹಸಿರು ಬಲೆ ಹೊದ್ದ ಕಟ್ಟಡಗಳೇ ಹೆಚ್ಚು. ಬಲೆ ಇಲ್ಲದ ಕಡೆ ತಗಡಿನ ಬೇಲಿ, ಅದರ ಮೇಲೆ ಮುಂದೆ ಏಳಲಿರುವ ಟವರಿನ ಬಣ್ಣದ ಚಿತ್ರ. ಮಾಟುಂಗಾ, ಚೆಂಬೂರು, ಸಾಂತಾಕ್ರೂಜ್, ಗೋರೆಗಾಂವ್, ಮುಲುಂಡ್ ಎಲ್ಲ ಕಡೆಯೂ ಇದೇ ನೋಟ. ಬೀಳುತ್ತಿರುವ ಮನೆಗಳಲ್ಲಿ ಮುಂಬಯಿ ಕನ್ನಡಿಗರಾದ ನಮ್ಮವರ ಮನೆಗಳೂ ಇವೆ. ಹಂಚಿನ ಮಾಡು, ಮುಂದೊಂದು ಜಗಲಿ, ಹಿಂದೊಂದು ಬಾವಿ, ಸುತ್ತ ಒಂದಿಷ್ಟು ಮಣ್ಣಿನ ಅಂಗಳ. ಇಂಥ ಮನೆಗಳ ಬಗ್ಗೆ ಬರೆಯಲು ಇದೇ ಕೊನೆಯ ಹೊತ್ತು ಎನಿಸುತ್ತದೆ. ಇನ್ನು ಕೆಲವು ವರ್ಷ ಕಳೆದರೆ ಅವುಗಳಲ್ಲಿ ಬಾಳಿದವರೂ ಉಳಿಯುವುದಿಲ್ಲ.

ನೆನಪಿನ ಜೊತೆಗೆ ತೆರಿಗೆಯ ಮಾತನ್ನೂ ಆಡಬೇಕಾಗಿದೆ. ಮನೆ ಬಿಟ್ಟುಹೋದ ನಮ್ಮ ಹಿರಿಯರ ಕೊನೆಯ ವರ್ಷಗಳನ್ನು ಹತ್ತಿರದಿಂದ ನೋಡಿದವರಿಗೆ ಇದರ ಅಗತ್ಯ ಗೊತ್ತು. ಮನೆ ಹೋದ ದುಃಖದ ಬೆನ್ನಿಗೇ ಲೆಕ್ಕ ತಪ್ಪಿದ ದುಃಖವೂ ಬರುತ್ತದೆ. ಮೊದಲನೆಯದನ್ನು ಯಾರಿಂದಲೂ ತಪ್ಪಿಸಲಾಗದೇನೋ. ಎರಡನೆಯದನ್ನು ತಪ್ಪಿಸಬಹುದು, ತಪ್ಪಿಸಲೇಬೇಕು.

ನಮ್ಮವರು ಈ ಊರಿನಲ್ಲಿ ಮನೆ ಮಾಡಿಕೊಂಡದ್ದು ಸುಲಭದಲ್ಲಲ್ಲ. 1896ರ ಪ್ಲೇಗು ಬೊಂಬಾಯಿಯ ಇಕ್ಕಟ್ಟಿನ ಕೇರಿಗಳನ್ನು ಬರಿದು ಮಾಡಿದ ಮೇಲೆ, 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ, ಸಾಯನ್ ಕಡೆಯ ಬಯಲು ಅಚ್ಚುಕಟ್ಟಾದ ಪ್ಲಾಟುಗಳಾದವು. ದಕ್ಷಿಣದಿಂದ ಬಂದ ಗುಮಾಸ್ತರು, ಮಾಸ್ತರರು, ಹೋಟೆಲಿನವರು ಮಾಟುಂಗಾದಲ್ಲಿ ನೆಲೆ ನಿಂತರು. ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯಿತು. 1942ರಲ್ಲಿ ಎ. ರಾಮನಾಯಕರು ಮಾಟುಂಗಾ ಸ್ಟೇಷನ್ನಿನ ಪಕ್ಕದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹೋಟೆಲಿನ ಹುಡುಗರು ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದರು, ಹೋಟೆಲಿನ ಬೆಂಚುಗಳನ್ನು ಜೋಡಿಸಿಕೊಂಡು ಮಲಗಿದರು.

ಅದಕ್ಕೂ ಮೊದಲು, 1915ರಲ್ಲಿ, ಕೆನರಾದಿಂದ ಬಂದ ಚಿತ್ರಾಪುರ ಸಾರಸ್ವತರು ಗಾಮದೇವಿಯಲ್ಲಿ ಒಂದು ದೊಡ್ಡ ಕೆಲಸ ಮಾಡಿದ್ದರು. ಮನೆಯಲ್ಲಿ ಕೊಂಕಣಿ ಆಡುತ್ತಿದ್ದರೂ ಕನ್ನಡ ಓದಿ ಬೆಳೆದ ಜನ ಅವರು. ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲೇ ಶಾಮರಾವ್ ವಿಠಲ್ ಸಹಕಾರಿ ಸಂಘವನ್ನು ಕಟ್ಟಿದ್ದರು. ಅದೇ ಮುಂದೆ ಬ್ಯಾಂಕಾಯಿತು. ಅವರ ಮುಂದಾಳುತನದಲ್ಲಿ ಸಾರಸ್ವತ ಸಹಕಾರಿ ಗೃಹ ನಿರ್ಮಾಣ ಸಂಘ ನೋಂದಾಯಿತು. ಬೆಂಗಳೂರಿನಲ್ಲಿ 1909ರಲ್ಲೇ ಬಿಲ್ಡಿಂಗ್ ಸೊಸೈಟಿಯೊಂದು ಆಗಿತ್ತಾದರೂ, ಬೊಂಬಾಯಿ ಪ್ರಾಂತಕ್ಕೆ ಸಹಕಾರಿ ವಸತಿಯ ದಾರಿ ತೋರಿಸಿದ್ದು ಗಾಮದೇವಿಯ ಈ ಸಂಘ. ಸಣ್ಣ ಸಂಬಳದ ಜನ ತಮ್ಮ ಪುಟ್ಟ ಉಳಿತಾಯಗಳನ್ನು ಒಟ್ಟು ಮಾಡಿ ತಲೆಯ ಮೇಲೊಂದು ಸೂರು ಕಂಡುಕೊಂಡರು. ಇವತ್ತು ಮುಂಬಯಿಯ ಪ್ರತಿ ಕಟ್ಟಡದ ಗೇಟಿನ ಮೇಲೆ ಸೊಸೈಟಿಯ ಹೆಸರಿದೆ. ಅದರ ಬೇರು ನಮ್ಮವರ ಆ ಒಗ್ಗಟ್ಟಿನಲ್ಲಿದೆ ಎಂಬುದನ್ನು ನೆನೆದರೆ ಮನಸ್ಸು ತುಂಬುತ್ತದೆ.

ನಮ್ಮ ದೊಡ್ಡಪ್ಪ ವಿಲೇಪಾರ್ಲೆಯಲ್ಲಿ ಮನೆ ಕಟ್ಟಿಸಿದ್ದು ಐವತ್ತರ ದಶಕದ ಕೊನೆಯಲ್ಲಿ. ಮಾಡಿನ ಹಂಚು ಮಂಗಳೂರಿನದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಶುರು ಮಾಡಿದ ಹಂಚಿನ ಉದ್ಯಮ ಅರಬ್ಬೀ ಕರಾವಳಿಯುದ್ದಕ್ಕೂ ಹಬ್ಬಿ ಈ ಊರಿನ ಮಾಡುಗಳನ್ನೂ ಕೆಂಪಾಗಿಸಿತ್ತು. ಊರಿನ ಮಣ್ಣು ನಮಗಿಂತ ಮೊದಲೇ ಮುಂಬಯಿಗೆ ಬಂದು ಕಾಯುತ್ತಿದೆ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಬಚ್ಚಲಿನ ನೀರು ಹರಿದುಹೋಗುವ ಕಡೆ ದೊಡ್ಡಮ್ಮ ಕೆಸು ಬೆಳೆಸಿದ್ದರು. ಮಳೆ ಹಿಡಿದ ಮೇಲೆ ಎಲೆ ಅಗಲವಾಗಿ ಬಂದಾಗ ಪತ್ರೊಡೆ ಮಾಡುವುದು, ನಾಲ್ಕು ಮನೆಗೆ ಹಂಚುವುದು. ಬಾವಿಕಟ್ಟೆಯ ಪಕ್ಕದ ಹಲಸಿನ ಮರ ಒಂದೊಂದು ವರ್ಷ ಬುಡದಿಂದಲೇ ಕಾಯಿ ಬಿಡುತ್ತಿತ್ತು. ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಹಪ್ಪಳ. ಕಾಗೆ ಓಡಿಸುವ ಕೆಲಸ ಮಕ್ಕಳದು. ಗಾಳಿ ಪಾರ್ಲೆ ಕಾರ್ಖಾನೆಯ ಕಡೆಯಿಂದ ಬೀಸಿದರೆ ಬಿಸ್ಕತ್ತಿನ ವಾಸನೆ. ಆ ಕಾರ್ಖಾನೆಯೂ 2016ರಲ್ಲಿ ಬಾಗಿಲು ಹಾಕಿತು.

ಎಲ್ಲಕ್ಕಿಂತ ನನಗೆ ಹೆಚ್ಚಾಗಿ ನೆನಪಾಗುವುದು ಆ ಜಗಲಿ. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗರಿಗೆ ಅದೇ ಮೊದಲ ವಿಳಾಸ. ಅರ್ಜಿಯ ಮೇಲೆ ಬರೆಯಲು, ಮನಿಯಾರ್ಡರಿನ ರಸೀದಿ ಬರಲು, ತಾಯಿಯ ಕಾಗದ ತಲುಪಲು ಒಂದು ವಿಳಾಸ ಬೇಕಲ್ಲ? ದೊಡ್ಡಪ್ಪನ ಕೇರ್ ಆಫ್ ಸಾಕಿತ್ತು. ರಾತ್ರಿ ಎಷ್ಟು ಹಾಸಿಗೆ ಬಿಚ್ಚಬೇಕೆಂದು ದೊಡ್ಡಮ್ಮ ಸಂಜೆ ಅಕ್ಕಿ ಅಳೆಯುವಾಗ ಕೇಳುತ್ತಿದ್ದರು. ನೌಕರಿ ಸಿಕ್ಕಿದವನು ಡೊಂಬಿವಲಿಯಲ್ಲೋ ಭಾಂಡೂಪಿನಲ್ಲೋ ಖೋಲಿ ಹಿಡಿದು ಹೋಗುತ್ತಿದ್ದ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಆ ಮನೆಯಲ್ಲಿ ಖಾಲಿ ಜಾಗ ಇತ್ತು, ಆದ್ದರಿಂದ ಬಂದವರಿಗೆ ಜಾಗ ಇತ್ತು. ನಾವು ಕಳೆದುಕೊಂಡದ್ದರಲ್ಲಿ ದೊಡ್ಡದು ಅದೇ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಬ್ಬ ನೆಂಟ ವಾರ ಉಳಿದರೆ ಎಲ್ಲರಿಗೂ ಕಷ್ಟ. ಮನುಷ್ಯರು ಸಣ್ಣವರಾಗಿದ್ದಾರೆಂದಲ್ಲ, ಜಗಲಿ ಇಲ್ಲ.

ನಾವು ಅಂಗಳವೆಂದು ಕರೆದದ್ದಕ್ಕೆ ನಗರ ನಿಧಾನವಾಗಿ ಬೇರೆ ಲೆಕ್ಕ ಹಾಕುತ್ತಾ ಬಂತು. ಅರವತ್ತರ ದಶಕದಲ್ಲಿ ಎಫ್‌ಎಸ್‌ಐ ಬಂತು. ಇಷ್ಟು ನೆಲಕ್ಕೆ ಇಷ್ಟೇ ಕಟ್ಟಡ ಎಂಬ ಮಿತಿ ಅದು. 1991ರ ನಿಯಮಗಳಲ್ಲಿ ನಗರಕ್ಕೆ 1.33, ಉಪನಗರಕ್ಕೆ 1 ಎಂದಾಯಿತು. ಜೊತೆಗೆ ಟಿಡಿಆರ್ ಬಂದು, ಒಂದು ಕಡೆ ಬಿಟ್ಟುಕೊಟ್ಟ ನೆಲದ ಹಕ್ಕನ್ನು ಇನ್ನೊಂದು ಕಡೆ ಮಾಳಿಗೆಯಾಗಿ ಏರಿಸಲು ದಾರಿಯಾಯಿತು. 2018ರಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ ಹಣ ಕಟ್ಟಿ ಪಡೆಯುವ ಹೆಚ್ಚುವರಿ ಎಫ್‌ಎಸ್‌ಐಯೂ ಸೇರಿ, ಅಗಲ ರಸ್ತೆಯ ಪಕ್ಕದ ಉಪನಗರದ ಪ್ಲಾಟಿನಲ್ಲಿ ಮೂಲ ಮಿತಿಯ ಎರಡು ಪಟ್ಟು, ಅದಕ್ಕೂ ಹೆಚ್ಚು ಕಟ್ಟಬಹುದು. 500 ಚದರ ಮೀಟರ್ ನೆಲದಲ್ಲಿ 150 ಚದರ ಮೀಟರ್ ಮನೆ ಕಟ್ಟಿಕೊಂಡು ಉಳಿದದ್ದನ್ನು ಹಲಸಿಗೂ ಕೆಸುವಿಗೂ ಬಿಟ್ಟವರು ಬಿಲ್ಡರನ ಕಣ್ಣಿಗೆ ಬೇರೆಯೇ ರೀತಿ ಕಂಡರು. ಅವನು ಮನೆಯೊಳಗೆ ಬರಲೇ ಇಲ್ಲ. ಗೇಟಿನ ಬಳಿ ನಿಂತು ರಸ್ತೆಯ ಅಗಲ ಅಳೆದ, ತಲೆ ಎತ್ತಿ ಮೇಲೆ ನೋಡಿದ. ಪಾರ್ಲೆಯ ಮೇಲೆ ವಿಮಾನ ಇಳಿಯುವ ದಾರಿ ಇರುವುದರಿಂದ ಎತ್ತರಕ್ಕೆ ಮಿತಿಯಿದೆ. ಆ ಮಿತಿಯೇ ಹಲವು ಮನೆಗಳಿಗೆ ಕೆಲವು ವರ್ಷಗಳ ಆಯುಷ್ಯ ಕೊಟ್ಟಿತು.

ದೊಡ್ಡಪ್ಪ ತೀರಿಕೊಂಡ ಮೇಲೆ, ಮಕ್ಕಳು ದೂರವಾದ ಮೇಲೆ, ದೊಡ್ಡಮ್ಮನೂ ಮನೆ ಮಾರಲು ಒಪ್ಪಬೇಕಾಯಿತು. ಸಿಎ ಕೇಳಿದ ಕಾಗದಗಳಿಗಾಗಿ ಅವರು ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿದರು. ಬಾವಿ ತೋಡಿದವನ ಚೀಟಿ, ಹಂಚಿನ ಬಿಲ್ಲು, ಅಡಿಗೆಮನೆಗೆ ಕಡಪಾ ಕಲ್ಲು ಹಾಸಿದ ಲೆಕ್ಕ, ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸಿದವನಿಗೆ ಕೊಟ್ಟ ಕೂಲಿ. ಎಲ್ಲವೂ ವರ್ಷವಾರು, ಹಳೆ ಸೀರೆಯ ಅಂಚಿನಿಂದ ಕಟ್ಟಿದ ಕಟ್ಟುಗಳು. ಸಿಎ ಮರ್ಯಾದೆಯಿಂದ ಒಂದೊಂದನ್ನೂ ನೋಡಿ ಬದಿಗಿಟ್ಟರು. 2004ರಲ್ಲಿ ಮಾಡಿನ ಮರ ಬದಲಿಸಿದ ಬಿಲ್ಲನ್ನು ಮಾತ್ರ ಕೈಯಲ್ಲಿ ಉಳಿಸಿಕೊಂಡರು.

ಕಾರಣವಿತ್ತು. ಮನೆ ಮಾರಿದಾಗ ಬರುವ ಲಾಭದ ಲೆಕ್ಕದಲ್ಲಿ, 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಯಾದರೆ, ಮೂಲ ಖರ್ಚಿನ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು. ಹಾಗೆ ಹಿಡಿದ ಮೇಲೆ ಅದಕ್ಕೂ ಹಿಂದಿನ ದುರಸ್ತಿಯ ಖರ್ಚು ಬೇರೆಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಆ ದಿನದ ನಂತರದ ಸುಧಾರಣೆ ಮಾತ್ರ ಬರುತ್ತದೆ. ಆ ದಿನದ ಸರ್ಕಾರಿ ದರ, ಮುಂಬಯಿಯವರು ರೆಡಿ ರೆಕನರ್ ಎನ್ನುವುದು, ಸಿಗುವಂತಿದ್ದರೆ ಬೆಲೆಯನ್ನು ಅದಕ್ಕಿಂತ ಮೇಲೆ ಹಿಡಿಯುವಂತಿಲ್ಲ. ನೋಂದಾಯಿತ ವ್ಯಾಲ್ಯುವರರ ವರದಿ ಕೈಯಲ್ಲಿರಬೇಕು. ದೊಡ್ಡಮ್ಮ ನಾಲ್ಕು ದಶಕ ಜೋಪಾನ ಮಾಡಿದ ಚೀಟಿಗಳು ಹೀಗೆ ಒಂದು ತಾರೀಕಿನ ಆಚೆ ಉಳಿದವು. ಅವರು ಏನೂ ಹೇಳದೆ ಕಟ್ಟುಗಳನ್ನು ಮತ್ತೆ ಕಟ್ಟಿದರು. ಆ ಚೀಟಿಗಳಲ್ಲಿದ್ದದ್ದು ಒಂದು ಸಂಸಾರದ ಚರಿತ್ರೆ.

2001ರ ಆ ಬೆಲೆ ಎಷ್ಟು ಮುಖ್ಯವೆಂದು ಒಂದು ಲೆಕ್ಕದಿಂದ ತಿಳಿಯುತ್ತದೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ, ಬೆಲೆಯೇರಿಕೆಯ ಸೂಚ್ಯಂಕದ ರಿಯಾಯಿತಿ ಇಲ್ಲ. ಆ ದಿನಕ್ಕಿಂತ ಮೊದಲೇ ಕೊಂಡ ಮನೆ, ನೆಲಗಳಿಗೆ ಮಾತ್ರ ಭಾರತದಲ್ಲಿ ನೆಲೆಸಿದ ವ್ಯಕ್ತಿಗಳೂ ಅವಿಭಕ್ತ ಕುಟುಂಬಗಳೂ ಹಳೆಯ ರೀತಿಯಲ್ಲಿ ಸೂಚ್ಯಂಕ ಸೇರಿಸಿ ಶೇ. 20ರಂತೆ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅಷ್ಟು ಕಟ್ಟಬಹುದು. 2001ರಲ್ಲಿ 20 ಲಕ್ಷ ಬೆಲೆಯಿದ್ದ ಮನೆ 2025-26ರಲ್ಲಿ 3 ಕೋಟಿಗೆ ಹೋಯಿತೆನ್ನಿ. ಶೇ. 12.5ರಂತೆ ತೆರಿಗೆ 35 ಲಕ್ಷ. ಆ ವರ್ಷದ ಸೂಚ್ಯಂಕ 376 ಹಿಡಿದು ಹಳೆಯ ರೀತಿ ಹಾಕಿದರೆ ಸುಮಾರು 45 ಲಕ್ಷ. ಅದೇ ಮನೆಯ 2001ರ ಬೆಲೆ 50 ಲಕ್ಷವಿದ್ದರೆ ಹೊಸ ರೀತಿಯಲ್ಲಿ 31.25 ಲಕ್ಷ, ಹಳೆಯ ರೀತಿಯಲ್ಲಿ 22.4 ಲಕ್ಷ. ಸೆಸ್, ಸರ್‌ಚಾರ್ಜ್ ಬೇರೆ. ಒಂದು ವರದಿಯನ್ನು ಸರಿಯಾಗಿ ಮಾಡಿಸುವುದಕ್ಕೂ ಅಂದಾಜಿನ ಮೇಲೆ ಸಹಿ ಹಾಕುವುದಕ್ಕೂ ಇಷ್ಟು ಅಂತರ. ಪಿತ್ರಾರ್ಜಿತವಾದರೆ ಹಿರಿಯರು ಆಸ್ತಿಯನ್ನು ಇಟ್ಟುಕೊಂಡ ಕಾಲವೂ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಸೂಚ್ಯಂಕವನ್ನೂ ಹಿರಿಯರು ಕೊಂಡ ಕಾಲದಿಂದಲೇ ಹಿಡಿಯಬೇಕೆಂದು ಬಾಂಬೆ ಹೈಕೋರ್ಟ್ 2011ರಲ್ಲಿ ಹೇಳಿತು. ಹೊರದೇಶದಲ್ಲಿ ನೆಲೆಸಿದ ಮಕ್ಕಳಿಗೆ ಮಾತ್ರ ಎರಡರಲ್ಲೊಂದನ್ನು ಆರಿಸುವ ಅವಕಾಶವಿಲ್ಲ. ಅವರ ಪಾಲಿನ ಹಣದಿಂದ ಕೊಳ್ಳುವವನು ಮುರಿದುಕೊಳ್ಳುವ ಟಿಡಿಎಸ್ ಕೂಡ, ಇಲ್ಲಿರುವವರಿಗಿರುವ ಶೇ. 1 ಅಲ್ಲ, ಬಹಳ ಹೆಚ್ಚು.

ಈ ಕಾನೂನಿನಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಒಂದು ಮಾತಿದೆ. ವಾಸದ ಮನೆ ಮಾರಿ ಬಂದ ಲಾಭವನ್ನು ಮತ್ತೊಂದು ವಾಸದ ಮನೆಗೆ ಹಾಕಿದರೆ ತೆರಿಗೆ ಇಲ್ಲ ಎನ್ನುತ್ತದೆ 1961ರ ಆದಾಯ ತೆರಿಗೆ ಕಾಯ್ದೆಯ 54ನೇ ಕಲಮು. ಮಾರುವ ಮೊದಲಿನ ಒಂದು ವರ್ಷದೊಳಗೆ ಇಲ್ಲವೇ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಮುಗಿಸಬೇಕು. ವಿನಾಯಿತಿಗೆ 10 ಕೋಟಿಯ ಮಿತಿ. ಆ ಕಲಮು ಮನೆ ಎಂದರೆ ಗೋಡೆ ಮಾಡು ಮಾತ್ರ ಎಂದುಕೊಂಡಿಲ್ಲ. ಮನೆಗೆ ಹೊಂದಿಕೊಂಡ ನೆಲವನ್ನೂ ಮನೆಯೆಂದೇ ಎಣಿಸುತ್ತದೆ. ಬಾವಿಕಟ್ಟೆ, ಹಲಸಿನ ಬುಡ, ಹಪ್ಪಳ ಒಣಗಿಸಿದ ಅಂಗಳ ಎಲ್ಲವೂ ಮನೆಯೇ. ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು; ಮರೆತವರು ನಾವು.

ಆದ್ದರಿಂದಲೇ ಮನೆ ನಿಂತಿರುವಾಗ ಮಾರುವುದಕ್ಕೂ, ಮೊದಲು ಉರುಳಿಸಿ ಬರಿ ನೆಲವಾಗಿ ಮಾರುವುದಕ್ಕೂ ವ್ಯತ್ಯಾಸವಿದೆ. ಮನೆ ಬಿದ್ದ ಮೇಲೆ ಅದು ಖಾಲಿ ಪ್ಲಾಟು. ಆಗ 54ರ ಬದಲು 54ಎಫ್ ಕಲಮಿಗೆ ಹೋಗಬೇಕಾಗುತ್ತದೆ. ಅಲ್ಲಿ ಲಾಭವನ್ನಷ್ಟೇ ಅಲ್ಲ, ಕೈಗೆ ಬಂದ ಇಡೀ ಹಣವನ್ನು ಹೊಸ ಮನೆಗೆ ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ. ಮಾರುವವರ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ನೆಲ ಸ್ವಚ್ಛ ಮಾಡಿಕೊಟ್ಟರೆ ಬೆಲೆ ಚೆನ್ನಾಗಿ ಬರುತ್ತದೆ ಎಂಬ ಮಾತಿಗೆ ಮನೆ ಬೀಳಿಸಿ, ಆಮೇಲೆ ತೆರಿಗೆಯ ನೋಟೀಸು ಹಿಡಿದು ಅಲೆದವರು ನಮ್ಮಲ್ಲಿ ಇದ್ದಾರೆ.

ಮಾರದೆ, ಬಿಲ್ಡರನೊಡನೆ ಸೇರಿ ಕಟ್ಟಿಸುವವರ ಕಷ್ಟ ಇನ್ನೊಂದು ಬಗೆಯದು. ಕರಾರು ಮಾಡಿಕೊಂಡು ಜಾಗ ಕೊಟ್ಟ ವರ್ಷವೇ ವರ್ಗಾವಣೆ ಆದಂತೆ ಎಂದು 2003ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿತು. ಫ್ಲ್ಯಾಟು ಇನ್ನೂ ನಕ್ಷೆಯಲ್ಲಿದೆ, ಕೈಗೆ ಕಾಸು ಬಂದಿಲ್ಲ, ತೆರಿಗೆ ಮಾತ್ರ ಬಾಗಿಲಿಗೆ ಬಂತು. 2017-18ರ ಹಣಕಾಸು ವರ್ಷದಿಂದ 45(5ಎ) ಎಂಬ ಕಲಮು ಇದನ್ನು ಸರಿಪಡಿಸಿತು. ವ್ಯಕ್ತಿಗಳೂ ಅವಿಭಕ್ತ ಕುಟುಂಬಗಳೂ ನೋಂದಾಯಿತ ಕರಾರು ಮಾಡಿಕೊಂಡಿದ್ದರೆ, ಕಟ್ಟಡದ ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕ ವರ್ಷ ತೆರಿಗೆ ಕಟ್ಟಿದರೆ ಸಾಕು. ಆದರೆ ಅದಕ್ಕೂ ಮುಂಚೆ ತಮ್ಮ ಪಾಲನ್ನು ಮಾರಿದರೆ ಈ ಆಸರೆ ತಪ್ಪುತ್ತದೆ. ಬಾಡಿಗೆ ಮನೆಯಲ್ಲಿ ಕಾಯುತ್ತಾ ಕಾಯುತ್ತಾ ಸಾಕಾಗಿ ಕೊನೆಗೆ ಪಾಲು ಮಾರಿಬಿಟ್ಟ ಮುದುಕರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಬಂಗಲೆ ಕಟ್ಟಿದವರು ನಮ್ಮಲ್ಲಿ ಕೆಲವರೇ. ಹೆಚ್ಚಿನವರು ಇದ್ದದ್ದು ಚಾಳಿನ ಖೋಲಿಗಳಲ್ಲಿ, ಒಮ್ಮೆಗೇ ಹಣ ಕೊಟ್ಟು ಬಾಡಿಗೆಯ ಹಕ್ಕು ಪಡೆದ ಪಗಡಿಯ ಮನೆಗಳಲ್ಲಿ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ದರಕ್ಕೆ ಕಟ್ಟಿಹಾಕಿತು. ಮಾಲೀಕನಿಗೆ ದುರಸ್ತಿ ಮಾಡಿಸುವ ಮನಸ್ಸಿಲ್ಲ, ಬಾಡಿಗೆದಾರನಿಗೆ ಬಿಡುವ ಮನಸ್ಸಿಲ್ಲ. ಕಟ್ಟಡ ಮಾತ್ರ ಪ್ರತಿ ಮಳೆಗಾಲಕ್ಕೂ ಇಷ್ಟಿಷ್ಟೇ ಕುಸಿಯಿತು. 1969ರಲ್ಲಿ ದುರಸ್ತಿ ಮಂಡಳಿ ಬಂತು. ಅದಕ್ಕೆ ಸೆಸ್ ಕಟ್ಟುವ ಹಳೆಯ ಕಟ್ಟಡಗಳಿಗೆ ಸೆಸ್ಡ್ ಬಿಲ್ಡಿಂಗ್ ಎಂದೇ ಹೆಸರಾಯಿತು. ಕೈಯಿಂದ ಕೈಗೆ ಗುಟ್ಟಾಗಿ ನಡೆಯುತ್ತಿದ್ದ ಪಗಡಿಗೆ 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆ ಕಾನೂನಿನ ಒಪ್ಪಿಗೆ ಕೊಟ್ಟಿತು.

ಗಿರ್‌ಗಾಂವ್, ಪರೇಲ್, ಫೋರ್ಟುಗಳ ಆ ಖೋಲಿಗಳಲ್ಲಿ ಅಂಗಳದ ಜಾಗದಲ್ಲಿ ಉದ್ದನೆಯ ಸಾಮಾನ್ಯ ಜಗಲಿ ಇತ್ತು. ಒಬ್ಬರ ಮನೆಯ ಸಾರಿನ ಒಗ್ಗರಣೆ ಎಲ್ಲರಿಗೂ ಗೊತ್ತು, ಒಬ್ಬರ ಮನೆಯ ಸಾವಿಗೆ ಎಲ್ಲರ ಒಲೆ ತಣ್ಣಗೆ. ಹೊಸ ಟವರಿನಲ್ಲಿ ಅವರಿಗೆ ದೊಡ್ಡ ಮನೆ, ಒಳಗೇ ಕಕ್ಕಸು, ಲಿಫ್ಟು ಸಿಕ್ಕಿದೆ. ನೀರಿಗಾಗಿ ಬೆಳಗಿನ ಜಾವ ಸಾಲು ನಿಂತ ಹೆಂಗಸರಿಗೆ ಸಿಕ್ಕ ಈ ಸುಖದ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಹಾಗಿದ್ದೂ ಬಾಗಿಲು ತೆರೆದಿಟ್ಟು ಬದುಕಿದ ಜನ ಈಗ ಬಾಗಿಲಿನ ಕಿಂಡಿಯಲ್ಲಿ ಇಣುಕಿ ನೋಡಿ ತೆರೆಯುತ್ತಾರೆ. ಆ ನಷ್ಟವೂ ನಿಜ.

ಪಗಡಿಯ ಹಕ್ಕು ಬಿಟ್ಟುಕೊಟ್ಟು ಹಣ ಪಡೆದರೆ ಅದೂ ಬಂಡವಾಳ ಲಾಭವೇ. ಹಣ ಕೊಟ್ಟು ಪಡೆದ ಹಕ್ಕಲ್ಲವಾದರೆ ಅಸಲು ಸೊನ್ನೆ ಎಂದು ಹಿಡಿಯುವ ನಿಯಮ ತೊಂಬತ್ತರ ದಶಕದಿಂದ ಇದೆ. ಅಂದರೆ ಬಂದದ್ದೆಲ್ಲ ಲಾಭ. ಖೋಲಿ ಅವರ ಸ್ವಂತದ ಮನೆಯಲ್ಲದ ಕಾರಣ ಅವರಿಗೆ ದಾರಿ 54ಎಫ್. ಅಜ್ಜ ಎಂದೋ ಪಗಡಿ ಕೊಟ್ಟ ರಸೀದಿ ಸಿಕ್ಕರೆ ಅದು ಬಂಗಾರ.

ಸೊಸೈಟಿಯ ಫ್ಲ್ಯಾಟುಗಳವರಿಗೆ ನ್ಯಾಯಾಲಯಗಳು ಮತ್ತು ಆದಾಯ ತೆರಿಗೆ ನ್ಯಾಯಮಂಡಳಿ ಕೊಂಚ ಕರುಣೆ ತೋರಿವೆ. ರಿಡೆವಲಪ್‌ಮೆಂಟಿನ ತೊಂದರೆಗಾಗಿ ಕೊಡುವ ಪರಿಹಾರದ ಹಣ ವರಮಾನವಲ್ಲ, ಅದನ್ನು ಮನೆಯ ಅಸಲಿನಲ್ಲಿ ಕಳೆಯಬೇಕು ಎಂದು ಮುಂಬಯಿಯ ನ್ಯಾಯಮಂಡಳಿ 2012ರಲ್ಲಿ ಹೇಳಿತು. ಬೇರೆ ಮನೆ ಹಿಡಿಯಲು ಬಿಲ್ಡರ್ ಕೊಡುವ ಬಾಡಿಗೆಯ ಬಗ್ಗೆಯೂ ಅದೇ ನಿಲುವಿನ ತೀರ್ಪುಗಳು ಬಂದಿವೆ. ಹಳೆಯ ಫ್ಲ್ಯಾಟಿನ ಬದಲಿಗೆ ಸಿಕ್ಕ ಹೊಸ ಫ್ಲ್ಯಾಟನ್ನು ಪುಕ್ಕಟೆ ಬಂದ ಆದಾಯವೆಂದು ಎಣಿಸಲಾಗದು ಎಂದು ಅದೇ ನ್ಯಾಯಮಂಡಳಿ 2025ರಲ್ಲಿ ಹೇಳಿದೆ. ಹಳೆಯ ಸದಸ್ಯರ ಹೊಸ ಮನೆಯ ಕರಾರಿಗೆ, ಹಣ ಕೊಟ್ಟು ಕೊಂಡ ಹೆಚ್ಚುವರಿ ಜಾಗವನ್ನು ಬಿಟ್ಟರೆ, ಮತ್ತೆ ಪೂರ್ತಿ ಸ್ಟಾಂಪ್ ಡ್ಯೂಟಿ ಕೇಳುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2023ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಈ ತೀರ್ಪುಗಳ ಹಿಂದೆ ಇರುವುದು ಒಂದೇ ತಿಳಿವಳಿಕೆ: ಮನೆ ಕಳೆದುಕೊಂಡವನು ಮನೆ ಪಡೆದರೆ ಅವನು ಶ್ರೀಮಂತನಾಗಲಿಲ್ಲ, ಇದ್ದಲ್ಲಿಗೇ ಬಂದ.

ಇನ್ನು ಆ ಖಾಲಿ ಜಾಗದ ಮಾತು. ಕಟ್ಟದೆ ಬಿಟ್ಟ ಎಫ್‌ಎಸ್‌ಐಗೆ ನಾವು ಎಂದೂ ಬೆಲೆ ಕೊಟ್ಟಿರಲಿಲ್ಲ. ನಿಯಮ ಬದಲಾದಾಗ ಅದು ತಾನಾಗಿ ಹುಟ್ಟಿತು. ಬೆಲೆ ಕೊಡದೆ ಬಂದದ್ದನ್ನು ಮಾರಿದರೆ ಲಾಭ ಲೆಕ್ಕ ಹಾಕುವುದು ಹೇಗೆ? ಇದರ ಉತ್ತರ ಬಂದದ್ದು ನಮ್ಮ ಕರ್ನಾಟಕದ ಒಂದು ಊದುಬತ್ತಿ ತಯಾರಕ ಸಂಸ್ಥೆಯ ಮೊಕದ್ದಮೆಯಿಂದ. ಬಿ.ಸಿ. ಶ್ರೀನಿವಾಸ ಶೆಟ್ಟಿ ಎಂಬ ಹೆಸರಿನ ಆ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್, ಅಸಲನ್ನೇ ಗುರುತಿಸಲಾಗದ ಆಸ್ತಿಗೆ ಬಂಡವಾಳ ಲಾಭದ ತೆರಿಗೆ ಹಾಕಲಾಗದು ಎಂದಿತು. ಅಲ್ಲಿ ಪ್ರಶ್ನೆಯಿದ್ದದ್ದು ವ್ಯಾಪಾರ ತಾನೇ ಗಳಿಸಿಕೊಂಡ ಹೆಸರಿನ ಬೆಲೆಯದು. ಅದೇ ತತ್ವವನ್ನು ಹಿಡಿದು ಬಾಂಬೆ ಹೈಕೋರ್ಟ್, ಸಂಭಾಜಿ ನಗರ ಸೊಸೈಟಿಯ ಮೊಕದ್ದಮೆಯಲ್ಲಿ, ನೆಲದೊಡನೆ ಪುಕ್ಕಟೆ ಸಿಕ್ಕ ಹೆಚ್ಚುವರಿ ಎಫ್‌ಎಸ್‌ಐಯ ಮಾರಾಟಕ್ಕೂ ತೆರಿಗೆ ಇಲ್ಲ ಎಂದು ಎತ್ತಿಹಿಡಿಯಿತು. ಮುಂಬಯಿಯ ಎಷ್ಟೋ ಸೊಸೈಟಿಗಳು ಇದರ ನೆರಳಲ್ಲಿ ನೆಮ್ಮದಿಯಾಗಿದ್ದವು.

2023ರ ಹಣಕಾಸು ಕಾಯ್ದೆ ಆ ನೆರಳನ್ನು ಕಡಿಯಿತು. ಹಣ ಕೊಡದೆ ಬಂದ ಯಾವುದೇ ಹಕ್ಕಿನ ಅಸಲನ್ನು ಸೊನ್ನೆ ಎಂದು ಹಿಡಿಯಬೇಕೆಂದು ಅದು ತಿದ್ದುಪಡಿ ಮಾಡಿತು. ಹಳೆಯ ವಾದ ಈಗ ಮೊದಲಿನ ಬಲದಿಂದ ನಿಲ್ಲದು. ನಮ್ಮ ಹಿರಿಯರು ಗಾಳಿಗೆ, ಮರಕ್ಕೆ, ಬರುವ ನೆಂಟರಿಗೆ ಎಂದು ಬಿಟ್ಟ ಜಾಗವೂ ಹೀಗೆ ತೆರಿಗೆಯ ಪುಸ್ತಕ ಸೇರಿತು.

ಮನೆ ಬಿಟ್ಟವರು ಎಲ್ಲೆಲ್ಲಿಗೋ ಹೋದರು. ಕೆಲವರು ವಿರಾರ್, ಪನ್ವೇಲ್, ಕಲ್ಯಾಣಗಳಿಗೆ. ಕೆಲವರು ಉಡುಪಿ, ಕುಂದಾಪುರ, ಹೊನ್ನಾವರಗಳಿಗೆ. ವಿನಾಯಿತಿಗೆ ಹೊಸ ಮನೆ ಮುಂಬಯಿಯಲ್ಲೇ ಇರಬೇಕೆಂದಿಲ್ಲ, ಭಾರತದಲ್ಲಿ ಎಲ್ಲಿದ್ದರೂ ಆದೀತು. ಆದರೆ ಊರಿನಲ್ಲಿ ಅಡಿಕೆ ತೋಟ ಕೊಂಡರೂ ವಿನಾಯಿತಿ ಸಿಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬಹಳ. ಸಿಗುವುದಿಲ್ಲ. ಮನೆಗೆ ಮನೆಯೇ ಆಗಬೇಕು. ಲಾಭ 2 ಕೋಟಿ ಮೀರದಿದ್ದರೆ ಜೀವಮಾನದಲ್ಲಿ ಒಮ್ಮೆ ಎರಡು ಮನೆ ಕೊಳ್ಳಬಹುದು. ಮನೆ ಬೇಡವೆನ್ನುವವರು ಆರು ತಿಂಗಳೊಳಗೆ 50 ಲಕ್ಷದವರೆಗೆ ನಿಗದಿತ ಸರ್ಕಾರಿ ಸಂಸ್ಥೆಗಳ ಬಾಂಡಿನಲ್ಲಿ ಐದು ವರ್ಷಕ್ಕೆ ಹಾಕಬಹುದು. ಮನೆ ಹುಡುಕಲು ಸಮಯ ಬೇಕಾದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಲೇಬೇಕು. ಮಾಮೂಲಿ ಎಫ್‌ಡಿಯಲ್ಲಿಟ್ಟು ಸುಮ್ಮನಿದ್ದರೆ ವಿನಾಯಿತಿ ಹೋಯಿತು.

ಹೊಸ ಮನೆ ಯಾರ ಹೆಸರಿನಲ್ಲಿ ಎಂಬ ಪ್ರಶ್ನೆಯಲ್ಲಿ ನಮ್ಮ ಕುಟುಂಬಗಳು ಎಡವುವುದು ಹೆಚ್ಚು. ಅಮ್ಮನಿಗೆ ವಯಸ್ಸಾಯಿತು, ಮಗನ ಹೆಸರಿನಲ್ಲೇ ಇರಲಿ ಎನ್ನುತ್ತಾರೆ. ಮಾರಿದವರ ಹೆಸರಿನಲ್ಲಿ ಇಲ್ಲದ ಮನೆಗೆ ವಿನಾಯಿತಿ ಇಲ್ಲ ಎಂದು ಬಾಂಬೆ ಹೈಕೋರ್ಟ್ 2008ರಲ್ಲಿ ಹೇಳಿದೆ. ಬೇರೆ ಹೈಕೋರ್ಟುಗಳು ಉದಾರವಾಗಿದ್ದರೂ ಮುಂಬಯಿಯಲ್ಲಿ ಅದನ್ನು ನೆಚ್ಚಬಾರದು. ತೆರಿಗೆಯನ್ನು ಬದಿಗಿಟ್ಟರೂ ಇದು ನ್ಯಾಯವೇ. ತನ್ನ ಹೆಸರಿನ ಮನೆಯಿಂದ ಎದ್ದು ಬಂದ ಮುದುಕಿ, ತನ್ನ ಹೆಸರಿಲ್ಲದ ಮನೆಯಲ್ಲಿ ಅತಿಥಿಯಾಗಿ ಕೂರುವಂತಾಗಬಾರದು. ದೊಡ್ಡಮ್ಮನ ಹೊಸ ಫ್ಲ್ಯಾಟು ಅವರ ಹೆಸರಿನಲ್ಲೇ ಆಯಿತು. ಎಂಟನೆಯ ಮಾಳಿಗೆಯ ಆ ಮನೆಯಲ್ಲಿ ಕುಂಡದಲ್ಲಿ ಕೆಸು ಹಾಕಿದರು. ಎಲೆ ಅಂಗೈಯಗಲಕ್ಕಿಂತ ದೊಡ್ಡದಾಗಲಿಲ್ಲ.

ಹಳೆಯ ಮನೆಗಳು ಉಳಿಯಲಿ ಎಂದು ಕೇಳುವ ಧೈರ್ಯ ನನಗಿಲ್ಲ. ಸೋರುವ ಮಾಡಿನ ಕೆಳಗೆ ಒಂಟಿ ವೃದ್ಧರು ಇರಲಿ ಎಂದು ದೂರದಿಂದ ಹೇಳುವುದು ಕ್ರೌರ್ಯ. ಕೇಳುವುದಿಷ್ಟೇ: ಸಹಿ ಹಾಕುವ ಮೊದಲು ಮಕ್ಕಳೆಲ್ಲ ಹಿರಿಯರ ಜೊತೆ ಒಂದು ದಿನ ಆ ಮನೆಯಲ್ಲೇ ಕುಳಿತುಕೊಳ್ಳಿ. ಟ್ರಂಕು ಇಳಿಸಿ. ಖರೀದಿ ಪತ್ರ, ಪಗಡಿಯ ರಸೀದಿ, 2001ರ ನಂತರದ ದುರಸ್ತಿಯ ಬಿಲ್ಲು, ವಾರಸು ಪತ್ರ ಎಲ್ಲವನ್ನೂ ಜೋಡಿಸಿ. 2001ರ ಬೆಲೆಯ ವರದಿ ಮಾಡಿಸಿ. ಬಿಲ್ಡರನ ಸಿಎ ಬೇರೆ, ನಿಮ್ಮ ಸಿಎ ಬೇರೆ ಇರಲಿ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವ ದಿನ 2026ರ ಏಪ್ರಿಲ್ 1. ಕಲಮುಗಳ ಸಂಖ್ಯೆ ಬದಲಾಗುತ್ತದೆ, ಆದ್ದರಿಂದ ನಿಮ್ಮ ವರ್ಷಕ್ಕೆ ಯಾವುದು ಅನ್ವಯ ಎಂದು ಕೇಳಿ ತಿಳಿಯಿರಿ. ಮನೆ ಉರುಳಿಸುವುದು ಕೊನೆಯ ಕೆಲಸವಾಗಲಿ.

ನಮ್ಮ ಸಂಘಗಳಿಗೂ ಒಂದು ಮಾತು. ಯಕ್ಷಗಾನ, ನಾಟಕ, ಸನ್ಮಾನಗಳನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುವ ನಾವು, ಮನೆ ಬಿಡುತ್ತಿರುವ ಹಿರಿಯರಿಗೆ ತಿಂಗಳಿಗೊಂದು ಭಾನುವಾರ ಕಾಗದ ನೋಡಿಕೊಡುವ ಏರ್ಪಾಡು ಮಾಡಲಾರೆವೇ? ನಮ್ಮಲ್ಲಿ ಸಿಎಗಳಿದ್ದಾರೆ, ವಕೀಲರಿದ್ದಾರೆ. 1915ರಲ್ಲಿ ಸಣ್ಣ ಸಂಬಳದ ಜನ ಒಟ್ಟಾಗಿ ಮನೆ ಕಟ್ಟಿದರು. ಅವರ ಮೊಮ್ಮಕ್ಕಳಾದ ನಾವು ಆ ಮನೆಗಳನ್ನು ಬಿಡುವಾಗಲಾದರೂ ಒಟ್ಟಾಗಬೇಕು. ಹೊಸ ಕಟ್ಟಡದ ಕರಾರಿನಲ್ಲಿ ಕಾರ್ಪೆಟ್ ಏರಿಯಾ, ಕಾರ್ಪಸ್, ಪಾರ್ಕಿಂಗ್ ಜೊತೆಗೆ ಇನ್ನೊಂದು ಸಾಲನ್ನೂ ಪಟ್ಟು ಹಿಡಿದು ಬರೆಸಿ: ಕಾಂಕ್ರೀಟು ಹಾಕದ ಒಂದು ತುಂಡು ಮಣ್ಣು, ಅದರಲ್ಲೊಂದು ಮರ, ಎಲ್ಲರೂ ಕೂರಬಹುದಾದ ಒಂದು ಜಗಲಿ. ಅದನ್ನು ಬಿಲ್ಡರ್ ತಾನಾಗಿ ಕೊಡುವುದಿಲ್ಲ. ಸಹಿಗೆ ಮುಂಚೆ ನಾವೇ ಕೇಳಿ ಪಡೆಯಬೇಕು.